ವರದಿಗಳೆಲ್ಲ ನಾರ್ಮಲ್, ಹೊಟ್ಟೆನೋವು ಮಾತ್ರ ಅಲ್ಲೇ ಇದೆ

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷಗಳಿಂದ ಕಿಬ್ಬೊಟ್ಟೆಯ ಬಲಭಾಗದಲ್ಲಿ ನೋವಿದೆ. ಮೂರು ಬಾರಿ ಹೊಟ್ಟೆಯ ಸ್ಕ್ಯಾನಿಂಗ್, ಒಮ್ಮೆ ಸಿ.ಟಿ., ಒಮ್ಮೆ ಎಂಡೊಸ್ಕೋಪಿ, ಲೆಕ್ಕವಿಲ್ಲದಷ್ಟು ರಕ್ತಪರೀಕ್ಷೆಗಳು ಆಗಿವೆ. ಎಲ್ಲವೂ ನಾರ್ಮಲ್. ಮುಟ್ಟಿನ ದಿನಗಳಲ್ಲಿ ನೋವು ಹೆಚ್ಚು, ಉಳಿದ ದಿನಗಳಲ್ಲೂ ಪೂರ್ತಿ ಹೋಗುವುದಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮಗುವನ್ನು ಎತ್ತುವಾಗ ಚುಚ್ಚಿದಂತಾಗುತ್ತದೆ. ಆಗಾಗ ಹೊಟ್ಟೆ ಉಬ್ಬರಿಸುತ್ತದೆ. ಐದು ವರ್ಷಗಳ ಹಿಂದೆ ಸಿಸೇರಿಯನ್ ಆಗಿದೆ. ಒಬ್ಬ ವೈದ್ಯರು ಅಪೆಂಡಿಕ್ಸ್ ತೆಗೆದು ನೋಡೋಣ ಎಂದರು. ಇನ್ನೊಬ್ಬರು ಗರ್ಭಕೋಶವನ್ನೇ ತೆಗೆಸಿಬಿಡಿ ಎಂದರು. ಮೂರನೆಯವರು ‘ಇದೆಲ್ಲ ಟೆನ್ಷನ್’ ಎಂದು ನಿದ್ದೆ ಮಾತ್ರೆ ಬರೆದರು. ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವುದು) ಮಾಡಿಸಲೇ? ಮುಂದೆ ಯಾವ ಪರೀಕ್ಷೆ ಬಾಕಿ ಇದೆ?

ಉತ್ತರ: ಯಂತ್ರದ ಪರೀಕ್ಷೆ ಸದ್ಯಕ್ಕೆ ಯಾವುದೂ ಬೇಡ. ಒಂದು ಬೆರಳು ಸಾಕು, ಅದೂ ನಿಮ್ಮದೇ. ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ಪತ್ರದ ಮೊದಲರ್ಧವೆಲ್ಲ ವರದಿಗಳಿಗೇ ಹೋಗಿದೆ. ನನಗೆ ಬೇಕಾದದ್ದು ಸಿಕ್ಕಿದ್ದು ನಡುವಿನ ಒಂದೇ ಸಾಲಿನಲ್ಲಿ. ಮಗ್ಗುಲು ಬದಲಿಸುವಾಗ, ಮಗುವನ್ನು ಎತ್ತುವಾಗ ಚುಚ್ಚುತ್ತದೆ ಎಂದಿದ್ದೀರಿ. ಆಮೇಲೆ, ಹೇಳಲೋ ಬೇಡವೋ ಎಂಬಂತೆ, ಸಿಸೇರಿಯನ್ ಸಂಗತಿಯನ್ನು ಸೇರಿಸಿದ್ದೀರಿ. ಈ ಎರಡನ್ನೂ ಒಟ್ಟಿಗೆ ಇಟ್ಟು ನಿಮ್ಮನ್ನು ಯಾರಾದರೂ ವಿಚಾರಿಸಿದ್ದಾರೆಯೇ? ವಿಚಾರಿಸಿದ್ದರೆ ಅಪೆಂಡಿಕ್ಸ್ ತೆಗೆಯುವ ಮಾತು ಇಷ್ಟು ಬೇಗ ಬರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಮೊದಲು ಆ ‘ನಾರ್ಮಲ್’ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ವರದಿಯ ಕೊನೆಯಲ್ಲಿ ಅದು ಕಂಡೊಡನೆ ಮನೆಯವರು ‘ಏನೂ ಇಲ್ಲವಂತೆ’ ಎಂದು ನಿಟ್ಟುಸಿರು ಬಿಡುತ್ತಾರೆ. ನೋಯುವವಳಿಗೆ ಮಾತ್ರ ತಾನೇ ಸುಳ್ಳು ಹೇಳಿ ಸಿಕ್ಕಿಬಿದ್ದಂತೆ ಆಗುತ್ತದೆ. ಆ ಪದದ ನಿಜವಾದ ಅರ್ಥ ಇಷ್ಟೇ: ಈ ಯಂತ್ರದ ಕಣ್ಣಿಗೆ ಬೀಳುವಂಥ ತೊಂದರೆ ಈ ದಿನ ಬಿದ್ದಿಲ್ಲ. ಅಲ್ಟ್ರಾಸೌಂಡ್‌ಗೆ ಕಲ್ಲು ಕಾಣುತ್ತದೆ, ಅಂಡಾಶಯದ ನೀರುಗುಳ್ಳೆ ಕಾಣುತ್ತದೆ, ಗರ್ಭಕೋಶದ ಗಡ್ಡೆ ಕಾಣುತ್ತದೆ. ಸ್ನಾಯುವಿನ ಸಂದಿಯಲ್ಲಿ ಸಿಕ್ಕಿಕೊಂಡ ದಾರದೆಳೆಯಂಥ ನರ ಕಾಣುವುದಿಲ್ಲ. ಸಣ್ಣದಕ್ಕೂ ಕೆರಳುವಂತಾದ ಕರುಳಿನ ತೊಂದರೆ ಕಾಣುವುದಿಲ್ಲ. ಹೊಟ್ಟೆಯ ಒಳಪೊರೆಯ ಮೇಲೆ ಸಾಸಿವೆಕಾಳಿನಷ್ಟು ಅಲ್ಲಲ್ಲಿ ಅಂಟಿಕೊಂಡ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆಡೆ ಬೆಳೆಯುವ ಕಾಯಿಲೆ) ಚುಕ್ಕೆಗಳೂ ಸಾಮಾನ್ಯವಾಗಿ ಕಾಣುವುದಿಲ್ಲ. ಹೀಗಿರುವಾಗ ಅದೇ ಸ್ಕ್ಯಾನಿಂಗನ್ನು ನಾಲ್ಕನೆಯ ಬಾರಿ ಮಾಡಿಸಿದರೆ ನಾಲ್ಕನೆಯ ‘ನಾರ್ಮಲ್’ ಸಿಗುತ್ತದೆ, ಅಷ್ಟೇ. ಸಿ.ಟಿ.ಯನ್ನಂತೂ ಸುಮ್ಮನೆ ಮತ್ತೆ ಮತ್ತೆ ಮಾಡಿಸಬಾರದು. ಒಂದು ಹೊಟ್ಟೆಯ ಸಿ.ಟಿ.ಯಲ್ಲಿ ಮೈಗೆ ಸೇರುವ ವಿಕಿರಣ ಸುಮಾರು 8ರಿಂದ 10 ಮಿಲಿಸೀವರ್ಟ್. ಭೂಮಿಯ ಮೇಲೆ ಬದುಕಿರುವ ಕಾರಣಕ್ಕೇ ನಮ್ಮೆಲ್ಲರಿಗೂ ಸಹಜವಾಗಿ ತಗಲುವುದು ವರ್ಷಕ್ಕೆ ಸರಾಸರಿ 2.4. ಮೂರು-ನಾಲ್ಕು ವರ್ಷಗಳ ಪಾಲನ್ನು ಒಂದೇ ದಿನ ತೆಗೆದುಕೊಂಡಂತಾಯಿತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತೊಂದರೆಯೂ ಇದೆ. ವರದಿಯಲ್ಲಿ ಏನೋ ಒಂದು ಕಂಡುಬಿಟ್ಟರೆ ಅದರ ತಲೆಗೇ ಎಲ್ಲ ನೋವನ್ನೂ ಕಟ್ಟುತ್ತೇವೆ. ಮುಟ್ಟಾಗುವ ಹೆಣ್ಣಿನ ಅಂಡಾಶಯದಲ್ಲಿ ತಿಂಗಳಿಗೊಮ್ಮೆ ಎರಡು-ಮೂರು ಸೆಂಟಿಮೀಟರ್‌ನ ನೀರುಗುಳ್ಳೆ ಏಳುವುದು ಅಂಡಾಶಯದ ದಿನಗೆಲಸ. ವರದಿಯಲ್ಲಿ ಅದು ‘ಸಿಸ್ಟ್’ ಎಂಬ ಹೆಸರಿನಲ್ಲಿ ಬಂದಾಗ ಹೆದರಿ ಅದನ್ನು ತೆಗೆಸಿಕೊಂಡವರಿದ್ದಾರೆ. ಪಿತ್ತಕೋಶದಲ್ಲಿ ಕಲ್ಲಿಟ್ಟುಕೊಂಡು ಜನ್ಮವಿಡೀ ಏನೂ ಆಗದೆ ಬದುಕುವವರೇ ಹೆಚ್ಚು. ಕೆಳಹೊಟ್ಟೆಯ ನೋವಿಗೆ ಮೇಲ್ಹೊಟ್ಟೆಯ ಕಲ್ಲನ್ನು ತೆಗೆಸಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದ ಕಥೆಯೇ ಆಗುತ್ತದೆ.

ಹೆಂಗಸರ ಹೊಟ್ಟೆಯಲ್ಲಿ ನೋವಿನ ಮೂಲ ಹಿಡಿಯುವುದು ಕಷ್ಟ, ಅದಕ್ಕೆ ಕಾರಣ ನರಗಳ ಜೋಡಣೆ. ಸೊಂಟದ ಮೂಳೆಗಳ ನಡುವಿನ ಬೋಗುಣಿಯಷ್ಟು ಜಾಗದಲ್ಲಿ ಗರ್ಭಕೋಶ, ಅಂಡಾಶಯ, ಮೂತ್ರಕೋಶ, ದೊಡ್ಡ ಕರುಳಿನ ಕೊನೆ ಎಲ್ಲವೂ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಇವುಗಳ ನರಗಳು ಬೆನ್ನುಹುರಿಯನ್ನು ಸೇರುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ನಾಲ್ಕು ಮನೆಗಳಿಗೆ ಒಂದೇ ಕರೆಗಂಟೆ ಇದ್ದರೆ ಯಾರ ಮನೆಗೆ ನೆಂಟರು ಬಂದರೆಂದು ತಿಳಿಯುವುದು ಹೇಗೆ? ಮಿದುಳಿಗೂ ಅದೇ ಫಜೀತಿ. ಅಪೆಂಡಿಕ್ಸ್ ಇರುವುದು ಬಲಕ್ಕೆ ಕೆಳಗೆ. ಅದು ಊದಿಕೊಂಡಾಗ ನೋವು ಮೊದಲು ಕಾಣಿಸುವುದು ಹೊಕ್ಕುಳ ಸುತ್ತ. ಕೆಲವು ಗಂಟೆಗಳ ನಂತರ ಊತ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲಷ್ಟೇ ನೋವು ತನ್ನ ನಿಜವಾದ ಜಾಗಕ್ಕೆ ಇಳಿಯುತ್ತದೆ. ಒಳಾಂಗದ ನೋವನ್ನು ರೋಗಿಗಳು ಅಂಗೈಯನ್ನು ಹೊಟ್ಟೆಯ ಮೇಲೆ ಆಡಿಸಿ ತೋರಿಸುತ್ತಾರೆ. ಚರ್ಮ, ಸ್ನಾಯು, ನರದ ನೋವನ್ನು ಬೆರಳ ತುದಿಯಿಂದ ತೋರಿಸುತ್ತಾರೆ. ‘ಎಲ್ಲಿ ನೋವು?’ ಎಂದು ಕೇಳಿ ಉತ್ತರಕ್ಕೆ ಕಿವಿ ಕೊಡುವುದಕ್ಕಿಂತ ಆ ಕೈ ಏನು ಮಾಡುತ್ತದೆ ಎಂದು ನೋಡುವುದರಲ್ಲಿ ನನಗೆ ಹೆಚ್ಚು ನಂಬಿಕೆ.

ನೋವು ಎಲ್ಲಿದೆ ಎನ್ನುವುದು ಹೀಗೆ ಮೋಸ ಮಾಡುವುದರಿಂದ ಅದು ಯಾರ ಜೊತೆ ಓಡಾಡುತ್ತದೆ ಎಂದು ಕೇಳಬೇಕು. ನನ್ನ ಕಿರಿಯ ವೈದ್ಯರಿಗೆ ನಾನು ಐದು ‘ಮ’ಕಾರಗಳನ್ನು ಹೇಳಿಕೊಡುತ್ತೇನೆ: ಮುಟ್ಟು, ಮಲ, ಮೂತ್ರ, ಮೈ, ಮನಸ್ಸು. ನೋವು ಇವುಗಳಲ್ಲಿ ಯಾವುದರ ಬೆನ್ನು ಹಿಡಿದು ಏರಿಳಿಯುತ್ತದೋ ಹುಡುಕಾಟ ಅಲ್ಲಿಂದ ಶುರು. ದುರದೃಷ್ಟವೆಂದರೆ ಬಹಳ ಕಡೆ ಮೊದಲನೆಯದನ್ನು ಕೇಳಿ, ನಡುವಿನ ಮೂರನ್ನು ಹಾರಿಸಿ, ನೇರ ಐದನೆಯದಕ್ಕೆ ಬಂದು ನಿಲ್ಲುತ್ತಾರೆ.

ನಿಮ್ಮ ವಿಷಯದಲ್ಲಿ ನಾನು ‘ಮೈ’ಯಿಂದ ಶುರುಮಾಡುತ್ತೇನೆ. ಹೊಟ್ಟೆ ಎಂದರೆ ಬರೀ ಒಳಗಿನ ಅಂಗಗಳಲ್ಲ. ಅವುಗಳನ್ನು ಹೊದ್ದುಕೊಂಡಿರುವ ಸ್ನಾಯುವಿನ ಗೋಡೆಯೂ ಹೊಟ್ಟೆಯೇ. ನೋವು ಒಳಗಿನದೋ ಗೋಡೆಯದೋ ಎಂದು ತಿಳಿಯಲು ಅಮೆರಿಕದ ಶಸ್ತ್ರವೈದ್ಯ ಜಾನ್ ಕಾರ್ನೆಟ್ 1926ರಲ್ಲಿ ಒಂದು ಸರಳ ಪರೀಕ್ಷೆಯನ್ನು ವಿವರಿಸಿದ. ಸುಮಾರು ನೂರು ವರ್ಷವಾಯಿತು, ಇಂದಿಗೂ ಅದಕ್ಕೆ ಕಾಸು ಖರ್ಚಿಲ್ಲ. ಬಹುಶಃ ಅದಕ್ಕೇ ಅದನ್ನು ಮಾಡುವವರು ಕಡಿಮೆ. ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿ. ಅತಿ ಹೆಚ್ಚು ನೋಯುವ ಜಾಗವನ್ನು ತೋರುಬೆರಳಿನಿಂದ ಹುಡುಕಿ, ನೋವು ಗೊತ್ತಾಗುವಷ್ಟು ಒತ್ತಿ ಹಿಡಿಯಿರಿ. ಬೆರಳನ್ನು ಕದಲಿಸದೆ, ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟು, ತಲೆ ಮತ್ತು ಭುಜಗಳನ್ನು ಹಾಸಿಗೆಯಿಂದ ಮೇಲೆತ್ತಿ. ಈಗ ಹೊಟ್ಟೆಯ ಸ್ನಾಯು ಹಲಗೆಯಂತೆ ಬಿಗಿಯಾಗುತ್ತದೆ. ನೋವು ಒಳಾಂಗದ್ದಾದರೆ ಬಿಗಿಯಾದ ಸ್ನಾಯು ಬೆರಳಿಗೆ ಅಡ್ಡ ನಿಂತು ನೋವು ತಗ್ಗುತ್ತದೆ. ನೋವು ಅಷ್ಟೇ ಉಳಿದರೆ ಅಥವಾ ‘ಅಯ್ಯೋ’ ಎನ್ನುವಷ್ಟು ಹೆಚ್ಚಾದರೆ ಅದರ ಮೂಲ ಗೋಡೆಯಲ್ಲೇ ಇರುವ ಸಾಧ್ಯತೆ ಹೆಚ್ಚು. ಜ್ವರ, ವಾಂತಿ ಅಥವಾ ಹೊಸದಾಗಿ ಶುರುವಾದ ತೀವ್ರ ನೋವು ಇರುವವರು ಇದನ್ನು ಮನೆಯಲ್ಲಿ ಮಾಡುತ್ತ ಕೂರಬಾರದು. ಊದಿಕೊಂಡ ಅಪೆಂಡಿಕ್ಸ್ ಗೋಡೆಯ ಒಳಮೈಗೆ ತಾಗಿದ್ದರೂ ಹೀಗೆಯೇ ನೋಯಬಹುದು. ನಿಮ್ಮದು ಎರಡು ವರ್ಷದ ನೋವು, ಧಾರಾಳವಾಗಿ ಮಾಡಿ ನೋಡಬಹುದು.

ಹೊಟ್ಟೆಯ ಗೋಡೆಯ ಚರ್ಮಕ್ಕೆ ಬರುವ ನರಗಳು ಪಕ್ಕೆಯಿಂದ ಹೊರಟು, ಹೊಟ್ಟೆಯ ನಡುವೆ ನಿಂತಿರುವ ನೀಳ ಸ್ನಾಯುವಿನ ಅಂಚಿಗೆ ಬಂದು, ಅಲ್ಲಿ ತಟಕ್ಕನೆ ತಿರುಗಿ ಸಣ್ಣ ರಂಧ್ರಗಳ ಮೂಲಕ ಚರ್ಮಕ್ಕೆ ನುಸುಳುತ್ತವೆ. ಆ ತಿರುವಿನಲ್ಲಿ ನರ ಸಿಕ್ಕಿಕೊಂಡರೆ ನಾಣ್ಯದಷ್ಟು ಜಾಗದಲ್ಲಿ ತಿವಿಯುವ ನೋವು. ಆ ಜಾಗದ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಎತ್ತಿದರೆ ಇನ್ನೊಂದು ಬದಿಗಿಂತ ಹೆಚ್ಚು ನೋಯುತ್ತದೆ. ಹತ್ತಿ ಸವರಿದರೆ ಮಂಕಾಗಿಯೋ ಉರಿಯಾಗಿಯೋ ತಿಳಿಯುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಒಬ್ಬ ಶಿಕ್ಷಕಿ ಬಂದಿದ್ದರು. ಕೈಯಲ್ಲಿ ಎರಡು ಬೆರಳು ದಪ್ಪದ ಫೈಲು. ನೋವಿಗೆಂದು ಅಪೆಂಡಿಕ್ಸ್ ಹೋಗಿತ್ತು. ಅದರಿಂದಲೂ ಕಡಿಮೆಯಾಗದೆ ಬಲ ಅಂಡಾಶಯವೂ ಹೋಗಿತ್ತು. ನೋವು ಮಾತ್ರ ಒಂದಂಗುಲವೂ ಕದಲಿರಲಿಲ್ಲ. ಯಾವಾಗ ಹೆಚ್ಚು ಎಂದು ಕೇಳಿದಾಗ ‘ಬೋರ್ಡಿನ ಮೇಲಂಚಿಗೆ ಕೈ ಚಾಚಿ ಬರೆಯುವಾಗ’ ಎಂದರು. ಆ ಒಂದು ಮಾತು ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಮಲಗಿಸಿ, ಅವರ ಬೆರಳು ನಿಂತ ಜಾಗಕ್ಕೆ ಬಾಲ್‌ಪೆನ್ನಿನಿಂದ ಒಂದು ಚುಕ್ಕೆಯಿಟ್ಟು, ಅಲ್ಲಿ ಸ್ನಾಯುವಿನ ಪೊರೆಯ ಕೆಳಗೆ ಸ್ವಲ್ಪ ಅರಿವಳಿಕೆ ಮದ್ದು ಚುಚ್ಚಿದೆ. ಹತ್ತು ನಿಮಿಷದ ನಂತರ ಏಳಿ ಎಂದಾಗ ಕೈ ಊರದೆ ಎದ್ದು ಕುಳಿತರು. ನಂಬಿಕೆ ಬರದೆ ಮತ್ತೆ ಮಲಗಿ ಮತ್ತೊಮ್ಮೆ ಎದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದರೆ ನನ್ನ ಅಂಡಾಶಯವನ್ನು ಯಾಕೆ ತೆಗೆದರು?’ ನಾನು ಫೈಲನ್ನು ಮುಚ್ಚಿ ಅವರ ಕೈಗೆ ಕೊಟ್ಟೆ. ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಆ ಚುಚ್ಚುಮದ್ದು ರೋಗಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಕೆಲವರಿಗೆ ಮದ್ದಿನ ಅಮಲು ಇಳಿದ ಮೇಲೆ ನೋವು ಮರಳುತ್ತದೆ. ಅಂಥವರಿಗೆ ಕೆಲವು ವಾರಗಳ ಅಂತರದಲ್ಲಿ ಮತ್ತೆ ಕೊಡಬೇಕಾಗುತ್ತದೆ. ಪದೇ ಪದೇ ಮರಳಿದರೆ ಆ ನರದ ತುದಿಯನ್ನು ಕತ್ತರಿಸುವ ಸಣ್ಣ ಶಸ್ತ್ರಚಿಕಿತ್ಸೆಯೂ ಇದೆ.

ಸಿಸೇರಿಯನ್ ಆದವರಲ್ಲಿ ಇನ್ನೂ ಎರಡು ಸಂಗತಿ ನೋಡಬೇಕು. ಇಂದು ಸಾಮಾನ್ಯವಾಗಿ ಹಾಕುವ ಅಡ್ಡಗೀರು 1900ರಲ್ಲಿ ಜರ್ಮನಿಯ ವೈದ್ಯ ಫಾನೆನ್‌ಷ್ಟೀಲ್ ವಿವರಿಸಿದ್ದು. ಹೊರಗಿನಿಂದ ಅಂದವಾಗಿ ಕೂಡಿಕೊಳ್ಳುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಆದರೆ ಅದರ ಎರಡೂ ತುದಿಗಳ ಹತ್ತಿರವೇ ತೊಡೆಸಂದಿಗೆ ಹೋಗುವ ಎರಡು ನರಗಳಿವೆ. ಹೊಲಿಗೆಯಲ್ಲೋ ಗಾಯ ಮಾಯುವಾಗ ಕಟ್ಟುವ ಗಟ್ಟಿ ಅಂಗಾಂಶದಲ್ಲೋ ಅವು ಸಿಕ್ಕಿಕೊಂಡರೆ ಕಲೆಯ ತುದಿಯಿಂದ ತೊಡೆಸಂದಿಯವರೆಗೆ, ಕೆಲವೊಮ್ಮೆ ತೊಡೆಯ ಒಳಭಾಗ ಮತ್ತು ಜನನಾಂಗದ ಹೊರತುಟಿಯವರೆಗೂ ಉರಿ ಹರಿಯುತ್ತದೆ. ನೆಟ್ಟಗೆ ನಿಂತಾಗ ಹೆಚ್ಚಿ, ಮೊಣಕಾಲು ಮಡಚಿ ಮಲಗಿದಾಗ ಕಡಿಮೆಯಾಗುವುದು ಇದರ ರೀತಿ. ಎರಡನೆಯದು ಕಲೆಯೊಳಗಿನ ಎಂಡೊಮೆಟ್ರಿಯೋಸಿಸ್. ಗರ್ಭಕೋಶವನ್ನು ತೆರೆದಾಗ ಅದರ ಒಳಪದರದ ಜೀವಕೋಶಗಳು ಗಾಯದಲ್ಲಿ ಉಳಿದು, ಅಲ್ಲೇ ಬೇರೂರಿ, ಪ್ರತಿ ಮುಟ್ಟಿಗೂ ಕೆರಳುತ್ತವೆ. ಕಲೆಯ ಆಸುಪಾಸಿನಲ್ಲಿ ಅಡಕೆಯಂಥ ಗಂಟು, ಮುಟ್ಟಿನಲ್ಲಿ ಅದು ಊದಿ ನೋಯುವುದು ಇದರ ಗುರುತು; ಗಂಟು ಕೈಗೆ ಸಿಗದೆಯೂ ಇರಬಹುದು, ನೋವು ತಿಂಗಳಿಡೀ ಇರಲೂಬಹುದು. ಸಿಸೇರಿಯನ್ ಆಗಿ ವರ್ಷಗಳ ಮೇಲೆ ಶುರುವಾಗುವುದು ಇದರ ವಾಡಿಕೆ. ನಿಮ್ಮ ‘ಮುಟ್ಟಿನಲ್ಲಿ ಹೆಚ್ಚು’ ಮತ್ತು ‘ಎತ್ತುವಾಗ ಚುಚ್ಚು’ ಎರಡನ್ನೂ ಒಂದೇ ಏಟಿಗೆ ವಿವರಿಸಬಲ್ಲ ಕಾರಣ ಇದೊಂದೇ, ಹಾಗಾಗಿ ನನ್ನ ಅನುಮಾನದ ಪಟ್ಟಿಯಲ್ಲಿ ಇದು ಮೇಲಿದೆ.

ಮೂರು ಸ್ಕ್ಯಾನಿಂಗ್‌ನಲ್ಲಿ ಕಾಣದ್ದು ಇದ್ದೀತೇ ಎಂದು ಕೇಳುತ್ತೀರಿ. ಖಂಡಿತ ಇದ್ದೀತು. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವ ಬಾಗಿದ ಪ್ರೋಬ್ (ಮೈಮೇಲೆ ಆಡಿಸುವ ಹಿಡಿಕೆ) ಆಳವನ್ನು ನೋಡಲೆಂದು ಮಾಡಿದ್ದು. ಚರ್ಮದ ಕೆಳಗಿನ ಎರಡು-ಮೂರು ಸೆಂಟಿಮೀಟರ್ ಅದರ ಪಾಲಿಗೆ ಹೊಸ್ತಿಲಿದ್ದಂತೆ, ದಾಟಿ ಹೋಗುವ ಜಾಗ. ಥೈರಾಯ್ಡ್, ಸ್ತನ ನೋಡುವಾಗ ಬಳಸುವ ನೇರ ಪ್ರೋಬನ್ನು ಕಲೆಯ ಮೇಲೆ ಇಟ್ಟು ನೋಡಿದರೆ ಈ ಗಂಟು ಕಾಣುತ್ತದೆ. ಅದೇ ಮಂಚದ ಮೇಲೆ, ಪ್ರೋಬ್ ಬದಲಿಸಿದರೆ ಐದು ನಿಮಿಷದ ಕೆಲಸ. ಸಣ್ಣ ಹರ್ನಿಯಾ ಕೂಡ ಹೀಗೆಯೇ ತಪ್ಪಿಸಿಕೊಳ್ಳುತ್ತದೆ; ಮಲಗಿದಾಗ ಅದು ಒಳಗೆ ಸರಿದುಬಿಡುತ್ತದೆ, ನಿಲ್ಲಿಸಿ ಕೆಮ್ಮಿಸಿ ನೋಡಬೇಕು.

ಇನ್ನು ಮುಟ್ಟು. ಹೆರುವ ವಯಸ್ಸಿನ ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಎಂಡೊಮೆಟ್ರಿಯೋಸಿಸ್ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಷ್ಟು ಸಾಮಾನ್ಯವಾದ ಕಾಯಿಲೆಗೆ ಹೆಸರು ಸಿಗಲು ವರ್ಷಗಟ್ಟಲೆ ಹಿಡಿಯುತ್ತದೆ. ‘ಮುಟ್ಟಿನಲ್ಲಿ ಎಲ್ಲರಿಗೂ ನೋಯುತ್ತದೆ, ಸಹಿಸಿಕೋ’ ಎಂಬ ಮಾತು ಆ ವರ್ಷಗಳನ್ನು ತಿನ್ನುತ್ತದೆ. ಮುಟ್ಟಿಗೆ ಒಂದೆರಡು ದಿನ ಮುಂಚೆಯೇ ಶುರುವಾಗುವ ನೋವು, ಲೈಂಗಿಕ ಸಂಪರ್ಕದಲ್ಲಿ ಆಳದಲ್ಲಿ ತಾಗುವ ನೋವು, ಮುಟ್ಟಿನ ದಿನಗಳಲ್ಲಷ್ಟೇ ಮಲವಿಸರ್ಜನೆಗೆ ಕುಳಿತಾಗ ತಿರುಚುವ ನೋವು: ಈ ಮೂರನ್ನು ಯಾರಾದರೂ ಕೇಳಲಿ ಎಂದು ಕಾಯಬೇಡಿ, ನೀವೇ ಹೇಳಿಬಿಡಿ. ಕಾಯಿಲೆ ಎಷ್ಟು ಹರಡಿದೆ ಎಂಬುದಕ್ಕೂ ನೋವು ಎಷ್ಟಿದೆ ಎಂಬುದಕ್ಕೂ ಸಂಬಂಧವಿಲ್ಲ. ನಾಲ್ಕು ಚುಕ್ಕೆಯಿದ್ದವಳು ನೆಲ ಹಿಡಿದಿರುತ್ತಾಳೆ, ಒಳಗೆಲ್ಲ ಅಂಟಿಕೊಂಡವಳು ಓಡಾಡಿಕೊಂಡಿರುತ್ತಾಳೆ. ಗರ್ಭಕೋಶದ ಸ್ನಾಯುವಿನೊಳಗೇ ಆ ಪದರ ನುಗ್ಗಿದರೆ ಅದು ಅಡಿನೊಮಯೋಸಿಸ್. ನೋವಿನ ಜೊತೆ ಸ್ರಾವವೂ ಹೆಚ್ಚು. ಎರಡು ಮುಟ್ಟಿನ ನಡುವೆ, ಒಂದು ತಿಂಗಳು ಬಲಕ್ಕೆ ಇನ್ನೊಂದು ತಿಂಗಳು ಎಡಕ್ಕೆ ಬಂದು ಒಂದೆರಡು ದಿನದಲ್ಲಿ ಹೋಗುವ ನೋವು ಅಂಡ ಬಿಡುಗಡೆಯಾಗುವಾಗಿನದು, ಅದಕ್ಕೆ ಹೆದರಬೇಕಿಲ್ಲ. ಬೆಳಗ್ಗೆ ಇಲ್ಲದೆ, ನಿಂತೂ ನಿಂತೂ ಸಂಜೆಯ ಹೊತ್ತಿಗೆ ಭಾರವಾಗಿ ಜಗ್ಗಿ, ಮಲಗಿದಾಗ ಇಳಿಯುವ ನೋವು, ಅದರಲ್ಲೂ ಹೆರಿಗೆಯಾದವರಲ್ಲಿ, ಕಾಲಿನಲ್ಲಿ ರಕ್ತನಾಳ ಉಬ್ಬುವಂತೆ ಸೊಂಟದೊಳಗಿನ ರಕ್ತನಾಳ ಉಬ್ಬಿರುವುದರಿಂದ ಇರಬಹುದು.

ಇಲ್ಲಿ ಒಂದು ಎಚ್ಚರಿಕೆ. ಮುಟ್ಟಿನಲ್ಲಿ ಹಲವು ಬಗೆಯ ನೋವು ಸ್ವಲ್ಪ ಹೆಚ್ಚುತ್ತದೆ. ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಪಕ್ಕದ ಕರುಳನ್ನೂ ಕೆಣಕುತ್ತವೆ, ಮೂತ್ರಕೋಶದ ನೋವೂ ಆಗ ಏರುತ್ತದೆ. ಆದ್ದರಿಂದ ‘ಮುಟ್ಟಿನಲ್ಲಿ ಹೆಚ್ಚು’ ಎಂಬುದರಿಂದ ನನಗೆ ಅರ್ಧ ತಿಳಿಯುತ್ತದೆ. ಮುಟ್ಟಾದ ಹತ್ತನೆಯ ದಿನ ಎಷ್ಟಿತ್ತು, ಇಪ್ಪತ್ತನೆಯ ದಿನ ಎಷ್ಟಿತ್ತು ಎಂದು ಹೇಳಿದರೆ ಉಳಿದರ್ಧ ತಿಳಿಯುತ್ತದೆ.

ಮಲದ ವಿಷಯ ಮಾತನಾಡಲು ರೋಗಿಗಳಿಗೂ ಸಂಕೋಚ, ಕೆಲವು ವೈದ್ಯರಿಗೂ ಸಂಕೋಚ. ಮೂರು ತಿಂಗಳಿನಿಂದ ವಾರಕ್ಕೆ ಒಂದು ದಿನವಾದರೂ ನೋವು ಬಂದು, ಮಲವಿಸರ್ಜನೆಯೊಂದಿಗೆ ಅದು ಹೆಚ್ಚು-ಕಡಿಮೆಯಾಗಿ, ಮಲದ ಗಟ್ಟಿತನವೋ ಹೋಗುವ ಸಲವೋ ಬದಲಾಗಿದ್ದರೆ ಅದು ಐ.ಬಿ.ಎಸ್., ಅಂದರೆ ಕೆರಳು ಕರುಳು. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಈ ಹಣೆಪಟ್ಟಿ ಹಚ್ಚುವ ಮೊದಲು ಎರಡು ಪರೀಕ್ಷೆ ಮಾಡಿಸುವುದು ಒಳ್ಳೆಯದು: ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆಗೆ ರಕ್ತಪರೀಕ್ಷೆ, ಕರುಳಿನ ಉರಿಯೂತಕ್ಕೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್. ರಕ್ತ ಕೊಡುವ ಮೊದಲೇ ಗೋಧಿ ಬಿಟ್ಟುಬಿಟ್ಟರೆ ಸೀಲಿಯಾಕ್ ಪರೀಕ್ಷೆ ಸುಳ್ಳು ಹೇಳುತ್ತದೆ, ಬಿಡಬೇಡಿ. ನಿಮ್ಮ ಹೊಟ್ಟೆಯುಬ್ಬರ ಇದರಲ್ಲಿ ಯಾವುದಾದರೂ ಇರಬಹುದು, ಅಥವಾ ಎರಡು ವರ್ಷ ನುಂಗಿದ ನೋವಿನ ಮಾತ್ರೆಗಳ ಫಲವೂ ಇರಬಹುದು. ಒಂದು ಹೊಟ್ಟೆಗೆ ಒಂದೇ ಕಾಯಿಲೆ ಎಂಬ ನಿಯಮವೇನಿಲ್ಲ. ಐವತ್ತು ದಾಟಿದ ಓದುಗರಿಗೆ ಮಾತ್ರ ಬೇರೆಯೇ ಮಾತು: ಆ ವಯಸ್ಸಿನಲ್ಲಿ ಐ.ಬಿ.ಎಸ್. ಹೊಸದಾಗಿ ಶುರುವಾಗುವುದು ಅಪರೂಪ. ತಿಂಗಳಲ್ಲಿ ಹತ್ತು-ಹನ್ನೆರಡು ದಿನ ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಮೂತ್ರಕ್ಕೆ ಪದೇ ಪದೇ ಓಡುವುದು ಕಂಡರೆ ಅಂಡಾಶಯದ ಕ್ಯಾನ್ಸರ್ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಸಿ.ಎ. 125 ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್. ಅದೇ ಸಿ.ಎ. 125 ಚಿಕ್ಕ ವಯಸ್ಸಿನವರಲ್ಲಿ ಎಂಡೊಮೆಟ್ರಿಯೋಸಿಸ್‌ಗೂ ಏರುತ್ತದೆ, ಮುಟ್ಟಿನ ದಿನ ರಕ್ತ ಕೊಟ್ಟರೂ ಏರುತ್ತದೆ. ನಿಮ್ಮ ವಯಸ್ಸಿನಲ್ಲಿ ಸುಮ್ಮನೆ ಮಾಡಿಸಿ ನಿದ್ದೆಗೆಡಬೇಡಿ.

ಮೂತ್ರದ ಬಗ್ಗೆ ಎರಡೇ ಮಾತು. ಮೂತ್ರಕೋಶ ತುಂಬಿದಂತೆ ನೋವು ಏರಿ, ಹೋದ ಮೇಲೆ ಇಳಿಯುತ್ತಿದ್ದರೆ, ಪ್ರತಿ ಬಾರಿಯೂ ‘ಸೋಂಕು’ ಎಂದು ಆ್ಯಂಟಿಬಯೋಟಿಕ್ ಕೊಟ್ಟರೂ ಕಲ್ಚರ್‌ನಲ್ಲಿ (ಮೂತ್ರದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯದಿದ್ದರೆ, ಅದು ಸೋಂಕಿಲ್ಲದ ಮೂತ್ರಕೋಶದ ನೋವು. ಅದರ ಚಿಕಿತ್ಸೆಯೇ ಬೇರೆ. ಇನ್ನೊಂದು ತೀರ ಅಪರೂಪದ್ದು, ಆದರೂ ಹೇಳದೆ ಇರಲಾರೆ: ಹಲವು ದಿನ ಹೊರಳಾಡಿಸುವ ನೋವು, ಎಲ್ಲ ಪರೀಕ್ಷೆ ನಾರ್ಮಲ್, ಮುಟ್ಟಿನ ಹಿಂದಿನ ವಾರದಲ್ಲಿ ಹೆಚ್ಚಾಗಿ ಬರುವುದು, ಜೊತೆಗೆ ಕೈಕಾಲು ಸೋಲು ಅಥವಾ ಗೊಂದಲ. ಅಂಥ ದಿನ ಹಿಡಿದಿಟ್ಟ ಮೂತ್ರ ಬೆಳಕಿಗೆ ಕೆಂಪು-ಕಂದಾಗಿ ತಿರುಗಿದರೆ ಪಾರ್ಫೈರಿಯಾ ಎಂಬ ಆನುವಂಶಿಕ ಕಾಯಿಲೆಯನ್ನು ನೆನೆಯಬೇಕು. ನೋವು ಇರುವಾಗಲೇ ಮೂತ್ರದಲ್ಲಿ ಪಾರ್ಫೊಬಿಲಿನೊಜೆನ್ ಎಂಬ ರಾಸಾಯನಿಕವನ್ನು ನೋಡಬೇಕು. ಇಳಿದ ಮೇಲೆ ನೋಡಿದರೆ ಸಿಗದೆ ಹೋಗಬಹುದು.

ಕೊನೆಯ ‘ಮ’ಕಾರ ಮನಸ್ಸು. ಹಿಸ್ಟೀರಿಯಾ ಎಂಬ ಪದವೇ ಗರ್ಭಕೋಶ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಹೆಣ್ಣಿನ ನೋವಿಗೆ ಕಾರಣ ಸಿಗದಿದ್ದಾಗ ಅವಳನ್ನೇ ಕಾರಣ ಮಾಡುವ ಚಾಳಿ ಅಷ್ಟು ಹಳೆಯದು. ನಿಮ್ಮ ಮೂರನೆಯ ವೈದ್ಯರು ಹೇಳಿದ ರೀತಿ ತಪ್ಪು, ಆದರೆ ಅವರು ಮುಟ್ಟಿದ ವಿಷಯ ಪೂರ್ತಿ ಸುಳ್ಳಲ್ಲ. ನೋವು ತಿಂಗಳುಗಟ್ಟಲೆ ಇದ್ದರೆ ಬೆನ್ನುಹುರಿ, ಮಿದುಳುಗಳು ಅದಕ್ಕೆ ಪಳಗಿ, ಸಣ್ಣ ಸ್ಪರ್ಶವನ್ನೂ ದೊಡ್ಡದಾಗಿ ಓದಲು ಕಲಿಯುತ್ತವೆ. ಕಿಡಿ ಆರಿದ ಮೇಲೂ ಗಂಟೆ ಬಾರಿಸುತ್ತಲೇ ಇರುತ್ತದೆ. ಇದು ನಾಟಕವಲ್ಲ, ನರಗಳಲ್ಲಿ ಆಗುವ ಬದಲಾವಣೆ. ಇದಕ್ಕೆ ರಾತ್ರಿ 10 ಮಿಲಿಗ್ರಾಂನಿಂದ ಶುರುಮಾಡುವ ಅಮಿಟ್ರಿಪ್ಟಿಲಿನ್ ಕೆಲವರಿಗೆ ಒಳ್ಳೆಯದು ಮಾಡುತ್ತದೆ. ಖಿನ್ನತೆಗೆ ಕೊಡುವ ಪ್ರಮಾಣ ಇದರ ಹಲವು ಪಟ್ಟು. ಚೀಟಿಯಲ್ಲಿ ಅದರ ಹೆಸರು ಕಂಡು ‘ನನ್ನನ್ನು ಹುಚ್ಚಿ ಎಂದುಕೊಂಡರು’ ಎಂದು ಯಾರೂ ನೊಂದುಕೊಳ್ಳಬೇಕಿಲ್ಲ. ಗ್ಯಾಬಪೆಂಟಿನ್ ಎಂಬ ನರನೋವಿನ ಮಾತ್ರೆಯನ್ನೂ ಬಹಳ ಬರೆಯುತ್ತಾರೆ. ಕಾರಣ ಸಿಗದ ಕಿಬ್ಬೊಟ್ಟೆ ನೋವಿಗೆ ಅದು ಮದ್ದಿಲ್ಲದ ಬರಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿದೆ. ಹಳೆಯ ಹಿಂಸೆ, ದೌರ್ಜನ್ಯ ಅನುಭವಿಸಿದವರಲ್ಲಿ ಇಂಥ ನೋವು ಹೆಚ್ಚು. ಹೇಳಿಕೊಳ್ಳಬೇಕೆನಿಸಿದರೆ ಹೇಳಿಕೊಳ್ಳಿ, ಅದು ಗೊತ್ತಾದ ಮೇಲೂ ಉಳಿದ ನಾಲ್ಕು ‘ಮ’ಕಾರಗಳನ್ನು ನೋಡುವುದು ವೈದ್ಯರ ಕರ್ತವ್ಯ.

ಇಷ್ಟೆಲ್ಲ ನಿಧಾನದ ಮಾತು ನಿಧಾನದ ನೋವಿಗೆ. ತಟ್ಟನೆ ಬಂದ ತೀವ್ರ ನೋವು, ತಲೆಸುತ್ತಿ ಬೀಳುವುದು, ನಿಲ್ಲದ ವಾಂತಿ, ಜ್ವರ, ಹಲಗೆಯಂತೆ ಗಟ್ಟಿಯಾದ ಹೊಟ್ಟೆ ಇದ್ದರೆ ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು. ಮುಟ್ಟಾಗುವ ಯಾವ ಹೆಣ್ಣಿಗೂ ಇಂಥ ನೋವು ಬಂದರೆ ಮೊದಲು ಗರ್ಭಧಾರಣೆಯ ಪರೀಕ್ಷೆ, ‘ಸಾಧ್ಯವೇ ಇಲ್ಲ’ ಎಂದು ಅವಳು ಹೇಳಿದರೂ ಸರಿ. ಗರ್ಭನಾಳದಲ್ಲಿ ನಿಂತ ಗರ್ಭ ಒಡೆದರೆ ಪ್ರಾಣಕ್ಕೇ ಅಪಾಯ. ಅಂಡಾಶಯ ತಿರುಚಿಕೊಂಡಾಗ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ರಕ್ತದ ಹರಿವು ಕಂಡರೂ ನಿರಾಳವಾಗುವಂತಿಲ್ಲ. ಹೆಂಗಸರಲ್ಲಿ ಹೃದಯಾಘಾತ ಕೂಡ ಮೇಲ್ಹೊಟ್ಟೆಯ ನೋವಿನ ವೇಷದಲ್ಲಿ ಬರುತ್ತದೆ. ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು, ಮುಟ್ಟು ನಿಂತ ಮೇಲೆ ರಕ್ತಸ್ರಾವ: ಇವಿದ್ದರೆ ಗಂಟೆಯ ಅವಸರವಿಲ್ಲ, ತಿಂಗಳ ತಡವೂ ಸಲ್ಲ.

ಲ್ಯಾಪರೋಸ್ಕೋಪಿ ಬಗ್ಗೆ ಕೇಳಿದ್ದೀರಿ. ನೋವಿಗಾಗಿ ಒಳಹೊಕ್ಕು ನೋಡಿದಾಗ ಮೂರರಲ್ಲಿ ಒಬ್ಬರಿಗಾದರೂ ಒಳಗೆ ಏನೂ ಸಿಗುವುದಿಲ್ಲ. ಎಂಡೊಮೆಟ್ರಿಯೋಸಿಸ್ ಅನುಮಾನವಿದ್ದರೂ ಮೊದಲು ಹಾರ್ಮೋನ್ ಚಿಕಿತ್ಸೆ ಕೊಟ್ಟು ನೋಡಬಹುದು, ಚಿತ್ರಣದಲ್ಲಿ ಕಾಣದೆ ಅಥವಾ ಔಷಧಕ್ಕೆ ಬಗ್ಗದೆ ಇದ್ದಾಗ ಲ್ಯಾಪರೋಸ್ಕೋಪಿ ಎಂಬುದು 2022ರ ಯುರೋಪಿನ ಮಾರ್ಗಸೂಚಿಯ ನಿಲುವು. ನಿಮ್ಮ ಹೊಟ್ಟೆಯ ಗೋಡೆಯನ್ನು ಮುಟ್ಟಿ ನೋಡದೆ ಒಳಗೆ ಇಣುಕುವುದು ಅವಸರ. ‘ಅಂಟುಗಳಿವೆ (ಒಳಾಂಗಗಳು ಒಂದಕ್ಕೊಂದು ಅಂಟಿಕೊಂಡಿವೆ), ಬಿಡಿಸೋಣ’ ಎಂದು ಯಾರಾದರೂ ಹೇಳಿದರೆ ಇದು ನೆನಪಿರಲಿ: ನೆದರ್‌ಲ್ಯಾಂಡ್ಸ್‌ನಲ್ಲಿ ನೂರು ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ಅಂಟು ಬಿಡಿಸಿದರು, ಉಳಿದವರಿಗೆ ಬರೀ ನೋಡಿ ಮುಚ್ಚಿದರು, ವರ್ಷದ ನಂತರ ಎರಡೂ ಗುಂಪಿನವರ ನೋವು ಒಂದೇ ಸಮ ಇಳಿದಿತ್ತು. ಅಪೆಂಡಿಕ್ಸ್ ಎರಡು ವರ್ಷ ಹೀಗೆ ಸತಾಯಿಸುವುದು ತೀರ ವಿರಳ. ಗರ್ಭಕೋಶದಲ್ಲಿ ಕಾಯಿಲೆ ತೋರಿಸದೆ ಅದನ್ನು ತೆಗೆಯುವುದಕ್ಕೆ ನಾನು ಒಪ್ಪುವುದಿಲ್ಲ. ಅದು ಹೋದ ಮೇಲೂ ನೋವು ಉಳಿದವರನ್ನು ಬಹಳ ನೋಡಿದ್ದೇನೆ.

ಹಾಗಾದರೆ ಈಗ ನೀವು ಮಾಡಬೇಕಾದದ್ದು. ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಂಡು ಎರಡು ಮುಟ್ಟಿನ ಅವಧಿ ಬರೆಯಿರಿ. ದಿನಕ್ಕೆ ಒಂದೇ ಸಾಲು, ಮಲಗುವ ಮುನ್ನ. ನನ್ನ ರೋಗಿಯೊಬ್ಬರ ಪುಸ್ತಕದ ಸಾಲು ಹೀಗಿತ್ತು: ‘ಮುಟ್ಟಾಗಿ 11ನೇ ದಿನ. ನೋವು ಹತ್ತಕ್ಕೆ 6. ಬೆಳಗ್ಗೆ ಬಕೆಟ್ ಎತ್ತಿದೆ, ಅಲ್ಲಿಂದ ಶುರು. ಮಲ ಸಲೀಸು. ಮಾತ್ರೆ ಒಂದು, ಪ್ರಯೋಜನವಿಲ್ಲ.’ ಇಂಥ ಅರವತ್ತು ಸಾಲು ಇದ್ದರೆ ನನಗೆ ಫೈಲು ಬೇಡ. ‘ಸ್ವಲ್ಪ ನೋವು’, ‘ತುಂಬ ನೋವು’ ಎಂದು ಬರೆಯಬೇಡಿ, ಅಂಕಿ ಹಾಕಿ. ಯಾವ ಕೆಲಸ ಬಿಡಬೇಕಾಯಿತು ಎಂದು ಬರೆದರೆ ಇನ್ನೂ ಒಳ್ಳೆಯದು.

ಆಮೇಲೆ ಶಸ್ತ್ರವೈದ್ಯರನ್ನೋ ಸ್ತ್ರೀರೋಗ ತಜ್ಞರನ್ನೋ ನೋಡಿ, ಅಥವಾ ನೋವು ನಿವಾರಣೆಯ ತಜ್ಞರಾದರೂ ಸರಿ. ‘ನನಗೆ ಹೊಟ್ಟೆನೋವು’ ಎಂದು ಶುರುಮಾಡಿದರೆ ಮತ್ತೆ ಸ್ಕ್ಯಾನಿಂಗ್ ಚೀಟಿ ಕೈಗೆ ಬರುತ್ತದೆ. ‘ಎತ್ತುವಾಗ, ಹೊರಳುವಾಗ ಈ ಒಂದು ಜಾಗದಲ್ಲಿ ಚುಚ್ಚುತ್ತದೆ, ಸಿಸೇರಿಯನ್ ಕಲೆ ಇಷ್ಟು ದೂರದಲ್ಲಿದೆ, ನೋವು ಹೊಟ್ಟೆಯ ಗೋಡೆಯದೇ ಎಂದು ನೋಡುತ್ತೀರಾ’ ಎಂದು ಕೇಳಿ. ಸ್ಕ್ಯಾನಿಂಗ್‌ಗೆ ಬರೆದರೆ ಕಲೆಯ ಮೇಲೆ ನೇರ ಪ್ರೋಬ್ ಇಟ್ಟು ನೋಡುವಂತೆ ಚೀಟಿಯಲ್ಲಿ ಬರೆಸಿಕೊಳ್ಳಿ, ಸಾಧ್ಯವಾದರೆ ಮುಟ್ಟಿನ ದಿನಗಳಲ್ಲೇ ಹೋಗಿ. ವೈದ್ಯರ ಮುಂದೆ ಮಲಗಿದಾಗ ನೋವಿನ ಜಾಗ ಕೈಗೆ ಸಿಗದೆ ಹೋಗುವುದುಂಟು. ಹಾಗಾಗಿ ಹಿಂದಿನ ರಾತ್ರಿ, ಚುಚ್ಚು ಜೋರಾಗಿದ್ದಾಗಲೇ, ಅಲ್ಲಿ ಪೆನ್ನಿನಿಂದ ಒಂದು ಚುಕ್ಕೆಯಿಟ್ಟುಕೊಂಡು ಹೋಗಿ.